ಸೂರ್ಯ ಏನನ್ನ ಇಡ್ತಾನೆ? ‘ಸೆಟ್’ ಎಂಬ ಪುಟ್ಟ ಪದದ ದೊಡ್ಡ ಸಂಸಾರ

ನನ್ನ ಅಕ್ಕನ ಮಗ ಎಂಟನೇ ಕ್ಲಾಸು. ಏಳರ ತನಕ ಕನ್ನಡ ಮೀಡಿಯಂನಲ್ಲಿ ಓದಿ, ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಹೋಗಿದ್ದಾನೆ. ಮೊನ್ನೆ ಭಾನುವಾರ ನೋಟ್‌ಬುಕ್ ಹಿಡಿದುಕೊಂಡು ಬಂದ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅದರ ಕನ್ನಡ ಅರ್ಥ, ಒಂದಕ್ಕೆ ಒಂದೇ. ‘ಸೆಟ್’ ಎಂಬ ಪದದ ಎದುರು ‘ಇಡು’ ಎಂದು ದುಂಡಗೆ ಬರೆದಿದ್ದ. ತಪ್ಪೇನಿಲ್ಲ. ಆದರೆ ಕೆಳಗೆ ಅನುವಾದಕ್ಕೆ ಕೊಟ್ಟ ಒಂದು ವಾಕ್ಯ ಇತ್ತು: ‘ದ ಸನ್ ಸೆಟ್ಸ್ ಇನ್ ದ ವೆಸ್ಟ್.’ ಅದನ್ನು ಅವನು ನಿಯತ್ತಾಗಿ ಕನ್ನಡಕ್ಕೆ ತಂದಿದ್ದ: ‘ಸೂರ್ಯ ಪಶ್ಚಿಮದಲ್ಲಿ ಇಡುತ್ತಾನೆ.’

“ಮಾಮ, ಸೂರ್ಯ ಏನನ್ನ ಇಡ್ತಾನೆ?”

ನಗು ಬಂತು, ತಡೆದುಕೊಂಡೆ. ಅವನ ಪ್ರಶ್ನೆಯಲ್ಲಿ ನ್ಯಾಯ ಇತ್ತು. ಮೂರೇ ಅಕ್ಷರದ ಪದ, ಅರ್ಥ ಒಂದೇ ಇರಬೇಕು ಅಂತ ಯಾರಿಗಾದರೂ ಅನಿಸುತ್ತೆ. ಉದ್ದುದ್ದ ಪದಗಳು ಕಷ್ಟ, ಸಣ್ಣವು ಸಲೀಸು ಅಂತ ನಾವೆಲ್ಲ ಅಂದುಕೊಂಡೇ ಇಂಗ್ಲಿಷ್ ಕಲಿತವರು. ನಿಜಾಂಶ ತಿರುಗುಮುರುಗು. ‘ಫೋಟೋಸಿಂಥೆಸಿಸ್’ ಎಂಬ ಮಾರುದ್ದದ ಪದಕ್ಕೆ ಒಂದೇ ಅರ್ಥ. ಒಮ್ಮೆ ಕಲಿತರೆ ಮುಗೀತು. ‘ಸೆಟ್’ ಹಾಗಲ್ಲ. ಜೀವನಪೂರ್ತಿ ಇಂಗ್ಲಿಷ್ ಮಾತಾಡಿದವರಿಗೂ ಅದರ ಎಲ್ಲ ಅರ್ಥ ಗೊತ್ತಿರಲ್ಲ.

ಎಷ್ಟು ಅರ್ಥ ಅಂತೀರಾ? 1989ರಲ್ಲಿ ಇಪ್ಪತ್ತು ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದೇ. 430ಕ್ಕೂ ಹೆಚ್ಚು ಅರ್ಥಛಾಯೆಗಳು, ಸುಮಾರು 60,000 ಪದಗಳ ವಿವರಣೆ. ಅಂದರೆ ಒಂದು ಕಾದಂಬರಿಯಷ್ಟು ಉದ್ದ, ಒಂದೇ ಪದದ ಬಗ್ಗೆ.

ಇದನ್ನೆಲ್ಲ ಬಾಯಿಪಾಠ ಮಾಡೋದು ಆಗದ ಮಾತು. ಅದರ ಅಗತ್ಯವೂ ಇಲ್ಲ. ಕನ್ನಡದವರ ಕೈಯಲ್ಲಿ ಒಂದು ಒಳ್ಳೆ ಕೀಲಿ ಇದೆ. ‘ಇಡು’ ಅಲ್ಲ, ‘ಕೂರಿಸು’.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಅಂದರೆ ಕೂರು, ‘ಸೆಟ್ಟನ್’ ಅಂದರೆ ಕೂರಿಸು. ಇವತ್ತಿನ ‘ಸಿಟ್’ ಮತ್ತು ‘ಸೆಟ್’ ಅವುಗಳದೇ ಮೊಮ್ಮಕ್ಕಳು. ನಾವು ಬಾಲಕ್ಕೆ ಒಂದು ‘ಇಸು’ ಅಂಟಿಸಿ ಕೂರು–ಕೂರಿಸು, ಮಲಗು–ಮಲಗಿಸು, ಬೀಳು–ಬೀಳಿಸು ಮಾಡಿಕೊಳ್ಳುತ್ತೇವಲ್ಲ, ಹಳೇ ಇಂಗ್ಲಿಷಿನವರು ಅದೇ ಕೆಲಸವನ್ನು ಒಳಗಿನ ಸ್ವರ ಬದಲಿಸಿ ಮಾಡುತ್ತಿದ್ದರು. ‘ಲೈ’ ಅಂದರೆ ಮಲಗು, ‘ಲೇ’ ಅಂದರೆ ಮಲಗಿಸು. ‘ಫಾಲ್’ ಅಂದರೆ ಬೀಳು, ಮರ ಬೀಳಿಸುವುದಕ್ಕೆ ‘ಫೆಲ್’. ಈ ಪದ್ಧತಿ ಯಾವತ್ತೋ ನಿಂತುಹೋಯಿತು. ಹಾಗಾಗಿ ‘ಸೆಟ್’ ಒಳಗೆ ‘ಸಿಟ್’ ಅಡಗಿದೆ ಎನ್ನುವುದು ಇಂಗ್ಲಿಷಿನವರಿಗೇ ಸಟ್ಟನೆ ಹೊಳೆಯಲ್ಲ.

ಈ ‘ಕೂರಿಸು’ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಗೊತ್ತಾಗಿದ್ದು ಅಕ್ಕಸಾಲಿಯ ಅಂಗಡಿಯಲ್ಲಿ. ಅಮ್ಮನ ಮೂಗುತಿಯ ಹರಳು ಸಡಿಲಾಗಿ ಕಳಚಿಕೊಂಡಿತ್ತು. ಅಕ್ಕಸಾಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಹರಳು ಹಿಡಿದು, ಚಿನ್ನದ ಆ ಪುಟಾಣಿ ಗುಂಡಿಗೆ ಇಳಿಸಿದರು. ಸಣ್ಣ ಉಳಿಯಂಥದ್ದರಿಂದ ಸುತ್ತಲಿನ ಅಂಚನ್ನು ಹರಳಿನ ಮೇಲೆ ಒತ್ತುತ್ತಾ ಒಂದು ಸುತ್ತು ಬಂದರು. ಉಗುರಿನಿಂದ ಅಲ್ಲಾಡಿಸಿ ನೋಡಿ, “ಕೂತ್ಕೊಳ್ತು” ಅಂದರು. ಅಷ್ಟೇ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಇರುವ ಹೆಸರೇ ‘ಸೆಟ್ಟಿಂಗ್’. ಹರಳು ಕೂರಿಸುವುದು ಅಂತ ನಾವು ಅನುವಾದ ಮಾಡಿ ಹೇಳುತ್ತಿಲ್ಲ. ಎರಡೂ ಭಾಷೆ ತಮ್ಮ ಪಾಡಿಗೆ ಒಂದೇ ಮಾತಿಗೆ ಬಂದಿವೆ.

ಒಮ್ಮೆ ಇದನ್ನು ಹಿಡಿದುಕೊಂಡರೆ ಉಳಿದವು ತಾವಾಗಿ ಸಾಲಿಗೆ ಬರುತ್ತವೆ. ಒಂದು ವಸ್ತುವನ್ನು ಅದರ ಜಾಗದಲ್ಲಿ, ಅಲ್ಲಾಡದ ಹಾಗೆ, ಕೆಲಸಕ್ಕೆ ಬರುವ ಹಾಗೆ ನೆಲೆಗೊಳಿಸುವುದು. ಇದು ಸೆಟ್‌ನ ಹೊಟ್ಟೆಯೊಳಗಿನ ಚಿತ್ರ. ಊಟದ ಮೇಜಿನ ಮೇಲೆ ತಟ್ಟೆ, ಲೋಟ ಜೋಡಿಸುವುದು ಸೆಟ್. ಗಡಿಯಾರದ ಮುಳ್ಳನ್ನು ಸರಿಯಾದ ಜಾಗಕ್ಕೆ ತರುವುದು ಸೆಟ್. ಐದು ಗಂಟೆಗೆ ಅಲಾರಂ ಇಡುವುದು, ಇಲಿಗೆ ಬೋನು ಒಡ್ಡುವುದು, ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿಸುವುದು, ಹಳೇ ಅಚ್ಚುಕೂಟದಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುವುದು, ಎಲ್ಲವೂ ಸೆಟ್. ವಸ್ತು ಮುಟ್ಟಲಾಗದ್ದಾದರೂ ಚಿತ್ರ ಅದೇ. ಬೆಲೆ ಸೆಟ್ ಮಾಡುತ್ತಾರೆ, ಗುರಿ ಸೆಟ್ ಮಾಡುತ್ತಾರೆ, ಪರೀಕ್ಷೆಯ ಪೇಪರ್ ಸೆಟ್ ಮಾಡುತ್ತಾರೆ. ಪದ್ಯಕ್ಕೆ ರಾಗ ಕೂರಿಸುವುದೂ ಸೆಟ್. ನೋಡಿ, ಅಲ್ಲೂ ನಮ್ಮ ಬಾಯಿಗೆ ‘ಕೂರಿಸು’ ಬಂತು. ಗಣಪತಿ ಕೂರಿಸುವವರಿಗೆ, ಬಾಗಿಲ ಚೌಕಟ್ಟು ಕೂರಿಸುವವರಿಗೆ, ಬೋರ್‌ವೆಲ್‌ಗೆ ಮೋಟಾರು ಕೂರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುರಿದ ಮೂಳೆಯನ್ನು ಜಾಗಕ್ಕೆ ತರುವುದೂ ಸೆಟ್ಟೇ. ಆ ಕೆಲಸ ಮಾಡುವವನಿಗೆ ಇಂಗ್ಲಿಷಿನಲ್ಲಿ ‘ಬೋನ್ ಸೆಟ್ಟರ್’ ಅನ್ನುತ್ತಾರೆ. ಬೆಂಗಳೂರಿನ ರಸ್ತೆ ಬದಿಯಲ್ಲಿ ಆಂಧ್ರದ ಪುತ್ತೂರಿನ ಹೆಸರಲ್ಲಿ ‘ಪುತ್ತೂರು ಕಟ್ಟು’ ಅಂತ ಬೋರ್ಡು ನೋಡಿರುತ್ತೀರಿ. ಈ ‘ಕಟ್ಟು’ ಇನ್ನೊಂದು ಮಹಾ ಪದ. ಅದರ ಹತ್ತಿರ ಆಮೇಲೆ ಬರೋಣ.

ಈಗ ಸೂರ್ಯ. ಇಲ್ಲಿ ಯಾರೂ ಯಾರನ್ನೂ ಕೂರಿಸುತ್ತಿಲ್ಲ. ವಸ್ತು ತಾನೇ ಹೋಗಿ ನೆಲೆಗೊಳ್ಳುತ್ತಿದೆ. ಹಳೇ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎಂಬ ಪದ ಇತ್ತು. ‘ಸೆಟ್ಲ್’ ಅಂದರೆ ಆಸನ, ‘ಗಾಂಗ್’ ಅಂದರೆ ಹೋಗುವಿಕೆ. ದಿನವಿಡೀ ನಡೆದ ಸೂರ್ಯ ಸಂಜೆ ತನ್ನ ಪೀಠಕ್ಕೆ ಹೋಗುತ್ತಾನೆ. ನಮ್ಮಲ್ಲಿ ಸೂರ್ಯ ಮುಳುಗುತ್ತಾನೆ. ಕರಾವಳಿಯ ಕಣ್ಣಿನಿಂದ ನೋಡಿದರೆ ಅದೂ ಸರಿಯೇ. ಅವರಲ್ಲಿ ಕೂರುತ್ತಾನೆ. ಹುಡುಗನಿಗೆ ಇದನ್ನು ಹೇಳಿದ ಮೇಲೆ ‘ಇಡುತ್ತಾನೆ’ ಅಳಿಸಿ ‘ಮುಳುಗುತ್ತಾನೆ’ ಅಂತ ಬರೆದ. “ಕೂರ್ತಾನೆ ಅಂತ ಬರೀಲಾ?” ಅಂತ ಒಂದು ಸಲ ಆಸೆಯಿಂದ ಕೇಳಿದ. ಬೇಡಪ್ಪಾ, ಮಿಸ್ಸು ಒಪ್ಪಲ್ಲ ಅಂದೆ.

ತಾನೇ ನೆಲೆಗೊಳ್ಳುವ ಈ ಸೆಟ್‌ನ ಇನ್ನೊಂದು ಮುಖ ಅಡುಗೆಮನೆಯಲ್ಲೂ ಕಟ್ಟಡದ ಕೆಲಸದಲ್ಲೂ ಇದೆ. ಅಲ್ಲಾಡುತ್ತಿದ್ದುದು ಅಲ್ಲಾಡದಂತಾಗುವುದು. ಜೆಲ್ಲಿ ಸೆಟ್ ಆಗುತ್ತೆ, ಮೊಸರು ಸೆಟ್ ಆಗುತ್ತೆ, ಸಿಮೆಂಟು ಸೆಟ್ ಆಗುತ್ತೆ. ಮೊಸರಿಗೆ ನಮ್ಮಲ್ಲಿ ‘ಹೆಪ್ಪುಗಟ್ಟು’ ಇದೆ, ಸಿಮೆಂಟಿಗೆ ಮಾತ್ರ ಗಾರೆಯವರೂ ‘ಸೆಟ್’ ಅಂತಲೇ ಅನ್ನುತ್ತಾರೆ. ನಮ್ಮ ಮನೆ ಕಟ್ಟುವಾಗ ಬೆಳಗ್ಗೆ ಹಾಕಿದ ಕಾಂಕ್ರೀಟನ್ನು ಸಂಜೆ ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಾಯ್ತಲ್ಲ ಮೇಸ್ತ್ರಿ ಅಂದೆ. “ಸೆಟ್ ಆಗಿದೆ ಸ್ವಾಮಿ, ಗಟ್ಟಿ ಇನ್ನೂ ಆಗಿಲ್ಲ. ನೀರು ಹೊಡೀರಿ” ಅಂದರು. ಎಂಜಿನಿಯರಿಂಗ್ ಪುಸ್ತಕವೂ ಇದನ್ನೇ ಹೇಳುತ್ತೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕಿಂತ ಬೇಗ ಸೆಟ್ ಆಗಲು ಶುರು ಮಾಡಬಾರದು, 600 ನಿಮಿಷದೊಳಗೆ ಸೆಟ್ ಆಗುವುದು ಮುಗಿಯಬೇಕು ಅಂತ ನಮ್ಮ ದೇಶದ ಮಾನದಂಡ ಇದೆ. ಆಕಾರ ಕಳೆದುಕೊಳ್ಳದ ಸ್ಥಿತಿ ಸೆಟ್. ಬಲ ಬರುವುದು ಬೇರೆ, ಅದಕ್ಕೆ ದಿನಗಟ್ಟಲೆ ಕ್ಯೂರಿಂಗ್ ಬೇಕು. ಇಂಗ್ಲಿಷ್ ಪದದ ಇಷ್ಟು ಸೂಕ್ಷ್ಮ ಬಳಕೆ ನನಗೆ ಮೇಸ್ತ್ರಿ ಬಾಯಿಂದ ಸಿಕ್ಕಿತು, ಯಾವ ಇಂಗ್ಲಿಷ್ ಮೇಷ್ಟರಿಂದಲೂ ಅಲ್ಲ.

ಇಲ್ಲಿಯ ತನಕ ಸಲೀಸು. ಆದರೆ ಬೆಳಗ್ಗೆ ಹೋಟೆಲಿನಲ್ಲಿ ‘ಎರಡು ಸೆಟ್’ ಅಂತ ಕೂಗುತ್ತಾರಲ್ಲ, ಅಲ್ಲಿ ನಮ್ಮ ಕೀಲಿ ತಿರುಗಲ್ಲ. ಸೆಟ್ ದೋಸೆಯಲ್ಲಿ ಯಾರು ಯಾರನ್ನು ಕೂರಿಸಿದ್ದಾರೆ? ಒಂದರ ಮೇಲೊಂದು ಮೆತ್ತಗಿನ ಮೂರು ದೋಸೆ, ಪಕ್ಕದಲ್ಲಿ ಸಾಗು, ಚಟ್ನಿ. ಒಂಟಿಯಾಗಿ ಕೊಡಲ್ಲ, ಗುಂಪಾಗಿಯೇ ಕೊಡುತ್ತಾರೆ, ಅದಕ್ಕೆ ಸೆಟ್. ಇದು ‘ಗುಂಪು’ ಎಂಬ ಅರ್ಥದ ಸೆಟ್. ಸೋಫಾ ಸೆಟ್, ಟೀ ಸೆಟ್, ಹಲ್ಲು ಸೆಟ್, ಸರ ಓಲೆ ಬಳೆ ಸೇರಿದ ಒಡವೆ ಸೆಟ್, ಎಲ್ಲ ಇದೇ ಕಡೆಯವು.

ತಮಾಷೆ ಏನೆಂದರೆ, ಇದು ಹುಟ್ಟಿನಿಂದಲೇ ಬೇರೆ ಪದ. ಇದು ಬಂದದ್ದು ಹಳೇ ಫ್ರೆಂಚಿನ ‘ಸೆಟ್’ನಿಂದ, ಅದರ ಹಿಂದೆ ಲ್ಯಾಟಿನ್ನಿನ ‘ಸೆಕ್ಟಾ’. ಅರ್ಥ: ಹಿಂಬಾಲಿಸುವವರು, ಒಬ್ಬ ಗುರುವಿನ ಅನುಯಾಯಿಗಳು. ಪಂಥ ಎಂಬ ಅರ್ಥದ ಇಂಗ್ಲಿಷಿನ ‘ಸೆಕ್ಟ್’ ಅದರ ಒಡಹುಟ್ಟು. ಅನುಯಾಯಿಗಳ ಗುಂಪು ಅನ್ನುವುದು ಸವೆಯುತ್ತಾ ಬರೀ ಗುಂಪು ಆಯಿತು, ಆಮೇಲೆ ವಸ್ತುಗಳ ಗುಂಪೂ ಆಯಿತು. ಅಷ್ಟರಲ್ಲಿ ಇಂಗ್ಲಿಷಿನ ದೇಸಿ ‘ಸೆಟ್’ ಪಕ್ಕದಲ್ಲೇ ಇತ್ತು. ಒಂದೇ ಉಚ್ಚಾರ, ಒಂದೇ ಕಾಗುಣಿತ. ಒಟ್ಟಿಗೆ ಜೋಡಿಸಿ ಕೂರಿಸಿದ್ದು ಕೂಡ ಒಂದು ಗುಂಪೇ ತಾನೇ? ಹಾಗಾಗಿ ನೂರಾರು ವರ್ಷದಲ್ಲಿ ಎರಡೂ ಹೆಣೆದುಕೊಂಡುಬಿಟ್ಟವು. ಕೆಲವು ಬಳಕೆಗಳಲ್ಲಿ ಇದು ಯಾವ ಸೆಟ್ ಅಂತ ಕತ್ತರಿಸಿ ಹೇಳಲು ನಿಘಂಟು ಮಾಡುವವರಿಗೂ ಆಗಲ್ಲ.

ಇಂಥ ಬೆರಕೆ ಕನ್ನಡದಲ್ಲೂ ಇದೆ. ‘ಅಜ್ಜಿ ಹಸು ಕರೆದಳು.’ ಕೂಗಿ ಕರೆದಳೋ, ಹಾಲು ಕರೆದಳೋ? ಹಳಗನ್ನಡದಲ್ಲಿ ಈ ಗೊಂದಲವೇ ಇರಲಿಲ್ಲ. ಕೂಗುವ ‘ಕರೆ’ಗೆ ಮಾಮೂಲಿ ರ. ಹಾಲಿನ ‘ಕಱೆ’ಗೆ ಶಕಟರೇಫ, ಅಂದರೆ ಬಂಡಿಯ ಗಾಲಿಯಂತಿದ್ದ ಆ ಇನ್ನೊಂದು ಱ. ಆ ಅಕ್ಷರ ಬಳಕೆಯಿಂದ ಬಿದ್ದುಹೋಯಿತು. ಎರಡು ಪದ ಒಂದೇ ಅಂಗಿ ತೊಟ್ಟುಕೊಂಡವು. ಸಂಬಂಧವೇ ಇಲ್ಲದ ಇಬ್ಬರಿಗೆ ಒಂದೇ ಹೆಸರು, ಊರಿಗಿಬ್ಬರು ಮಂಜಣ್ಣಂದಿರು ಇದ್ದ ಹಾಗೆ. ಒಂದೇ ಪದ ಕೊಂಬೆ ಒಡೆದು ಬೆಳೆಯುವುದು ಬೇರೆ, ಎರಡು ಪದ ಅಕಸ್ಮಾತ್ ಒಂದೇ ರೂಪಕ್ಕೆ ಬರುವುದು ಬೇರೆ. ಸೆಟ್‌ನಲ್ಲಿ ಎರಡೂ ಆಗಿವೆ. ಅದಕ್ಕೇ ಅದು ಇಷ್ಟು ಗೋಜಲು.

ಎರಡನ್ನೂ ಒಟ್ಟಿಗೆ ನೋಡಬೇಕಾದರೆ ನಮ್ಮ ಊರುಗಳಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯುತ್ತಲ್ಲ, ಅಲ್ಲಿಗೆ ಹೋಗಿ. ಮೈಕಿನವನು ಕೂಗುತ್ತಾನೆ: “ಮೂರನೇ ಸೆಟ್, ಸೆಟ್ಟರ್ ಒಳ್ಳೆ ಸೆಟ್ ಕೊಟ್ಟಿದ್ದಾರೆ!” ಮೊದಲನೆಯದು ಗುಂಪಿನ ಸೆಟ್: 25 ಪಾಯಿಂಟಿನ ಒಂದು ಕಂತೆ, ಐದನೆಯದಾದರೆ 15ರದು. ಆಮೇಲಿನವು ಕೂರಿಸುವ ಸೆಟ್: ನೆಟ್ಟಿನ ಮೇಲೆ, ಹೊಡೆಯುವವನ ಕೈಗೆ ಸರಿಯಾಗಿ ಸಿಗುವ ಜಾಗದಲ್ಲಿ, ಚೆಂಡನ್ನು ಗಾಳಿಯಲ್ಲಿ ಕೂರಿಸುವುದು. ಕೇಳುವವರು ಯಾರಿಗೂ ಗೊಂದಲ ಆಗಲ್ಲ.

ಟೆನಿಸ್ಸಿನಲ್ಲೂ ಗುಂಪಿನ ಸೆಟ್ಟೇ, ಗೇಮುಗಳ ಕಂತೆ. ಸಾಮಾನ್ಯವಾಗಿ ಒಬ್ಬರು ಆರು ಗೇಮು ಗೆದ್ದರೆ ಮುಗಿಯಬೇಕು. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಹು ಆಡಿದ ಐದನೇ ಸೆಟ್ 70–68ಕ್ಕೆ ಮುಗಿಯಿತು. ಆ ಒಂದು ಸೆಟ್ಟಿಗೇ 8 ಗಂಟೆ 11 ನಿಮಿಷ. ಗಣಿತದಲ್ಲಿ ಇದೇ ಗುಂಪಿನ ಸೆಟ್ಟಿಗೆ ನಮ್ಮ ಪಠ್ಯಪುಸ್ತಕದಲ್ಲಿ ‘ಗಣ’ ಎಂಬ ಮುದ್ದಾದ ಪದ ಇದೆ. ಈ ಶಾಸ್ತ್ರವನ್ನು 1870ರ ದಶಕದಲ್ಲಿ ಶುರು ಮಾಡಿದ ಗಿಯೋರ್ಗ್ ಕ್ಯಾಂಟರ್ ಜರ್ಮನ್ನಿನಲ್ಲಿ ಬಳಸಿದ್ದು ‘ಮೆಂಗೆ’ ಎಂಬ ಪದ. ರಾಶಿ, ಪ್ರಮಾಣ ಎಂಬ ಅರ್ಥದ್ದು. ಇಂಗ್ಲಿಷಿನವರು ಅದನ್ನೂ ತಂದು ಪಾಪ ಸೆಟ್‌ನ ತಲೆ ಮೇಲೇ ಹೊರಿಸಿದರು.

ಸಿನಿಮಾ ಸೆಟ್ ಯಾವ ಕಡೆಯದು ಹೇಳಿ? ‘ಕಂಠೀರವ ಸ್ಟುಡಿಯೋದಲ್ಲಿ ದೊಡ್ಡ ಸೆಟ್ ಹಾಕಿದ್ದಾರೆ’ ಅನ್ನುತ್ತೇವಲ್ಲ, ಅದು ಕೂರಿಸುವ ಕಡೆಯದು. ರಂಗದ ಮೇಲೆ ನಿಲ್ಲಿಸಿದ್ದು. ಟಿವಿ ಸೆಟ್, ರೇಡಿಯೋ ಸೆಟ್ ಗುಂಪಿನ ಕಡೆಯವು, ಹಲವು ಬಿಡಿಭಾಗ ಸೇರಿದ ಒಂದು ಯಂತ್ರ. ಆ ಟಿವಿ ಸೆಟ್ಟಿನ ಮೇಲೆ ಇಡುವ ಡಬ್ಬಿ ಆದ್ದರಿಂದ ಸೆಟ್ ಟಾಪ್ ಬಾಕ್ಸ್. ಈಗಿನ ಚಪ್ಪಟೆ ಟಿವಿ ಮೇಲೆ ಏನೂ ನಿಲ್ಲಲ್ಲ, ಬಾಕ್ಸು ಕೆಳಗೆ ಬಂದಿದೆ. ಹೆಸರು ಮಾತ್ರ ಮೇಲೆಯೇ ಉಳಿದಿದೆ.

ಈಗ ‘ಕಟ್ಟು’ ವಿಷಯ. ಇಂಗ್ಲಿಷಿಗೆ ಇದೇನು ವಿಚಿತ್ರ ರೋಗ ಅಂತ ಅನಿಸುವ ಮುಂಚೆ ನಮ್ಮ ಮನೆ ನೋಡಿಕೊಳ್ಳೋಣ. ಮನೆ ಕಟ್ಟುತ್ತೇವೆ. ಹೂ ಕಟ್ಟುತ್ತೇವೆ. ಫೀಸು ಕಟ್ಟುತ್ತೇವೆ, ಫೇಲಾದರೆ ಪರೀಕ್ಷೆಯನ್ನೇ ಮತ್ತೆ ಕಟ್ಟುತ್ತೇವೆ. ತಾಳಿ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಪದ ಕಟ್ಟಿ ಹಾಡುತ್ತೇವೆ, ಬಾಜಿ ಕಟ್ಟುತ್ತೇವೆ. ಯಕ್ಷಗಾನದಲ್ಲಿ ವೇಷ ಕಟ್ಟುತ್ತಾರೆ. ನೆಗಡಿಯಾದರೆ ಮೂಗು ಕಟ್ಟುತ್ತೆ, ಕೂಗಿದರೆ ಗಂಟಲು ಕಟ್ಟುತ್ತೆ, ಆಕಾಶದಲ್ಲಿ ಮೋಡ ಕಟ್ಟುತ್ತೆ. ವೀಳ್ಯದೆಲೆಯದು ಒಂದು ಕಟ್ಟು. ಬೇಳೆ ಬೇಯಿಸಿ ಬಸಿದ ನೀರೂ ಕಟ್ಟು, ಅದರಿಂದಲೇ ಒಬ್ಬಟ್ಟಿನ ದಿನದ ಕಟ್ಟಿನ ಸಾರು. ಪಂಚಾಯ್ತಿಯ ಕಟ್ಟುಪಾಡೂ ಕಟ್ಟೇ. ಪುತ್ತೂರಿನ ಮೂಳೆ ಕಟ್ಟೂ ಕಟ್ಟೇ. ಹೊರಗಿನವನೊಬ್ಬ ಕನ್ನಡ ಕಲಿಯಲು ಬಂದು, ‘ಕಟ್ಟು’ ಎದುರು ಒಂದೇ ಅರ್ಥ ಬರೆದುಕೊಂಡು, ‘ಮೂಗು ಕಟ್ಟಿದೆ’ ಎಂಬ ವಾಕ್ಯ ಸಿಕ್ಕಿದರೆ ಅವನ ಗತಿ ಏನು? ನಮ್ಮ ಹುಡುಗನದೇ.

ಅರ್ಥಗಳನ್ನು ಎಣಿಸುವುದು ಹೇಗೆ ಎಂಬ ಕಷ್ಟವೂ ‘ಕಟ್ಟು’ನಿಂದಲೇ ತಿಳಿಯುತ್ತೆ. ‘ಅವಳು ಹೂವನ್ನೂ ಬುತ್ತಿಯನ್ನೂ ಕಟ್ಟಿದಳು.’ ಸರಿಯಾಗಿದೆ, ಕಿವಿಗೆ ಏನೂ ಅನಿಸಲ್ಲ. ‘ಅವಳು ಹೂವನ್ನೂ ಕರೆಂಟ್ ಬಿಲ್ಲನ್ನೂ ಕಟ್ಟಿದಳು.’ ಈಗ ನಗು ಬಂತು ಅಲ್ವಾ? ನಗು ಬಂದರೆ ಅಲ್ಲಿ ಎರಡು ಅರ್ಥ ಇವೆ ಅಂತ ಲೆಕ್ಕ. ಭಾಷಾಶಾಸ್ತ್ರದವರು ನಿಜವಾಗಿಯೂ ಬಳಸುವ ಪರೀಕ್ಷೆ ಇದು. ಎರಡು ಬಳಕೆಯನ್ನು ಒಂದೇ ಕ್ರಿಯಾಪದದ ಕೊರಳಿಗೆ ಹಾಕಿ, ಎಳೆಯುತ್ತೋ ಮುಗ್ಗರಿಸುತ್ತೋ ನೋಡುವುದು. ಆದರೆ ಇದೂ ಪೂರ್ತಿ ನಂಬುವಂಥದ್ದಲ್ಲ. ‘ಮನುಷ್ಯ ಮನೆಯನ್ನೂ ಹಕ್ಕಿ ಗೂಡನ್ನೂ ಕಟ್ಟುವುದುಂಟು’ ಅಂತ ಇಬ್ಬರನ್ನೂ ಸೇರಿಸಿದರೆ ಒಬ್ಬರಿಗೆ ನಗು ಬರುತ್ತೆ, ಇನ್ನೊಬ್ಬರಿಗೆ ಬರಲ್ಲ. ಆದ್ದರಿಂದ 430 ಎನ್ನುವ ಲೆಕ್ಕ ತೂಕದ ಕಲ್ಲಿನ ಹಾಗೆ ಗಟ್ಟಿ ಅಲ್ಲ. ಒಬ್ಬ ಸಂಪಾದಕ ಹತ್ತು ಅಂತ ಸೀಳಿದ್ದನ್ನು ಇನ್ನೊಬ್ಬ ನಾಲ್ಕಕ್ಕೆ ಸೇರಿಸಬಹುದು.

ದಾಖಲೆಯೂ ಈಗ ಸೆಟ್ ಕೈಯಲ್ಲಿಲ್ಲ. ಆಕ್ಸ್‌ಫರ್ಡ್ ನಿಘಂಟಿನ ಮೂರನೇ ಆವೃತ್ತಿಗಾಗಿ ಪದಗಳನ್ನು ಹೊಸದಾಗಿ ತಿದ್ದುತ್ತಾ ಬಂದಾಗ ‘ರನ್’ ಎಂಬ ಕ್ರಿಯಾಪದ 645 ಅರ್ಥ ತೋರಿಸಿ ಮುಂದೆ ಹೋಯಿತು. ಅದು ಹೊರಬಂದದ್ದು 2011ರಲ್ಲಿ. ಪೀಟರ್ ಗಿಲಿವರ್ ಎಂಬ ಸಂಪಾದಕರು ಆ ಒಂದು ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರು. ರನ್ ಗೆದ್ದದ್ದರಲ್ಲಿ ಯಂತ್ರಗಳ ಕೈವಾಡ ಇದೆ. ರೈಲು ರನ್ ಆಗುತ್ತೆ, ಫ್ಯಾಕ್ಟರಿ ರನ್ ಆಗುತ್ತೆ, ಕಂಪ್ಯೂಟರಿನಲ್ಲಿ ಪ್ರೋಗ್ರಾಂ ರನ್ ಆಗುತ್ತೆ. ಸೆಟ್ ಕೂತವರ ಪದ, ರನ್ ಓಡುವವರ ಪದ. ಈ ಕಾಲಕ್ಕೆ ಯಾವುದು ಬೆಳೆಯುತ್ತೆ ಅಂತ ಬೇರೆ ಹೇಳಬೇಕಾ?

ಸಣ್ಣ ಪದಗಳಿಗೇ ಯಾಕೆ ಈ ಭಾಗ್ಯ? 1945ರಲ್ಲಿ ಹಾರ್ವರ್ಡ್‌ನ ಭಾಷಾತಜ್ಞ ಜಾರ್ಜ್ ಜಿಫ್ ಒಂದು ವಿಷಯ ಲೆಕ್ಕ ಹಾಕಿ ತೋರಿಸಿದರು. ಹೆಚ್ಚು ಬಳಕೆಯಾಗುವ ಪದಕ್ಕೆ ಅರ್ಥಗಳೂ ಹೆಚ್ಚು. ಹೆಚ್ಚು ಬಳಸುವ ಪದಗಳು ಚಿಕ್ಕವಾಗಿರುತ್ತವೆ ಎನ್ನುವುದನ್ನೂ ಅವರು ಅದಕ್ಕೆ ಮೊದಲೇ ಗಮನಿಸಿದ್ದರು. ಯೋಚಿಸಿದರೆ ಸಹಜ. ಮನೆಯಲ್ಲಿ ಒಂದು ಹಳೇ ಸ್ಟೂಲು ಇರುತ್ತೆ. ಕೂರುವುದಕ್ಕೂ ಅದೇ, ಬಲ್ಬು ಹಾಕಲು ಹತ್ತುವುದಕ್ಕೂ ಅದೇ, ಬಾಗಿಲಿಗೆ ಒತ್ತು ಕೊಡುವುದಕ್ಕೂ ಅದೇ. ಷೋಕೇಸಿನ ಗೊಂಬೆಯನ್ನು ಯಾರೂ ಬೇರೆ ಕೆಲಸಕ್ಕೆ ಮುಟ್ಟಲ್ಲ. ಸೆಟ್‌ಗೆ ಇನ್ನೊಂದು ಅನುಕೂಲವೂ ಇದೆ. ಅದರ ರೂಪ ಬದಲಾಗಲ್ಲ. ನಿನ್ನೆಯೂ ಸೆಟ್, ಇವತ್ತೂ ಸೆಟ್, ಮಾಡಿ ಮುಗಿದದ್ದೂ ಸೆಟ್, ನಾಮಪದವೂ ಸೆಟ್, ವಿಶೇಷಣವೂ ಸೆಟ್. ಎಲ್ಲಿ ಬೇಕಾದರೂ ಮಡಚಿ ತೂರಿಸಬಹುದು.

ನಿಜವಾಗಿ ಕಾಲು ಜಾರುವ ಜಾಗ ಇನ್ನೊಂದಿದೆ. ಸೆಟ್ ಹಿಂದೆ ‘ಅಪ್, ಆಫ್, ಔಟ್, ಇನ್, ಅಸೈಡ್’ ಥರದ ಬಾಲ ಸೇರಿದಾಗ ಅರ್ಥ ಎತ್ತಲೋ ಹೋಗುತ್ತೆ. ಸೆಟ್ ಔಟ್ ಅಂದರೆ ಹೊರಡು. ಸೆಟ್ ಇನ್ ಅಂದರೆ ಬಂದು ಬೇರೂರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಜೂನ್ ತಿಂಗಳ ಮುಂಗಾರಿಗೆ ಇದೇ ಪದ. ಸೆಟ್ ಅಪ್ ಅಂದರೆ ಅಂಗಡಿ ಹಾಕು, ಸಂಸ್ಥೆ ಕಟ್ಟು. ಅದೇ ಸೆಟ್ ಅಪ್ ಮನುಷ್ಯರ ಮೇಲೆ ಬಂದರೆ ಸಂಚು ಮಾಡಿ ಸಿಕ್ಕಿಹಾಕಿಸು. ಸೆಟ್ ಆಫ್ ಅಂದರೂ ಹೊರಡು, ಪಟಾಕಿ ಹಚ್ಚಿದರೂ ಸೆಟ್ ಆಫ್. ತೆರಿಗೆ ಲೆಕ್ಕದವರ ಹತ್ತಿರ ಹೋದರೆ ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭದಲ್ಲಿ ಕಳೆಯುವುದು ಸೆಟ್ ಆಫ್. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದಕ್ಕೆಂದೇ ಕಲಂಗಳು ಇದ್ದವು.

ಇದರಲ್ಲಿ ನನಗೆ ಜಾಸ್ತಿ ಕಾಡುವುದು ಸೆಟ್ ಅಸೈಡ್. ಮಾಮೂಲಿ ಮಾತಿನಲ್ಲಿ ಬದಿಗಿಡು, ಎತ್ತಿಡು ಅಂತ ಅರ್ಥ. ಒಗ್ಗರಣೆ ಹಾಕಿ ಬಾಣಲೆ ಬದಿಗಿಡಿ ಅನ್ನುವುದಕ್ಕೂ, ಸಂಬಳದಲ್ಲಿ ಸಾವಿರ ರೂಪಾಯಿ ಎತ್ತಿಡಿ ಅನ್ನುವುದಕ್ಕೂ ಇದೇ. ಅಡುಗೆಯಲ್ಲಿ ಬದಿಗಿಟ್ಟದ್ದು ಮತ್ತೆ ಒಲೆಗೆ ಬರುತ್ತೆ. ನ್ಯಾಯಾಲಯದಲ್ಲಿ ಹಾಗಲ್ಲ. ಹೈಕೋರ್ಟು ಕೆಳಗಿನ ಕೋರ್ಟಿನ ಆದೇಶವನ್ನು ಸೆಟ್ ಅಸೈಡ್ ಮಾಡಿತು ಅಂದರೆ ರದ್ದು ಮಾಡಿತು ಅಂತ. ಅವಸರದಲ್ಲಿ ಯಾರಾದರೂ ‘ಆದೇಶವನ್ನು ಬದಿಗಿರಿಸಿದೆ’ ಎಂದು ಅನುವಾದ ಮಾಡಿದರೆ, ಓದಿದವರು ಓಹೋ, ಆಮೇಲೆ ವಿಚಾರಣೆಗೆ ತಗೊಳ್ತಾರೆ ಅಂದುಕೊಳ್ಳುತ್ತಾರೆ. ಗೆದ್ದವನು ಸೋತೆ ಅಂದುಕೊಳ್ಳಬಹುದು, ಸೋತವನು ಸುಮ್ನೆ ಕಾಯುತ್ತಾ ಕೂರಬಹುದು. ಒಂದು ಪದದ ತಪ್ಪು ಅರ್ಥಕ್ಕೆ ಅಷ್ಟು ಬೆಲೆ.

ಕನ್ನಡಕ್ಕೆ ಬಂದ ಸೆಟ್ ಇಲ್ಲಿ ಸುಮ್ಮನೆ ಕೂತಿಲ್ಲ, ಇಲ್ಲಿಯದೇ ಚಿಗುರು ಒಡೆದಿದೆ. ‘ಈ ಬಣ್ಣ ನಿಂಗೆ ಸೆಟ್ ಆಗಲ್ಲ’ ಅನ್ನುತ್ತೇವೆ. ‘ನಂಗೂ ಅವನಿಗೂ ಸೆಟ್ ಆಗಲ್ಲ’ ಅನ್ನುತ್ತೇವೆ, ಅಂದರೆ ಹೊಂದಿಕೆ ಇಲ್ಲ. ಇದನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದರೆ ಲಂಡನ್ನಿನವರಿಗೆ ಅರ್ಥ ಆಗಲ್ಲ, ಅವರು ಇಲ್ಲಿ ‘ಸೂಟ್’ ಬಳಸುತ್ತಾರೆ. ಆದರೆ ಆ ಅಕ್ಕಸಾಲಿಯ ಹರಳನ್ನು ನೆನೆಸಿಕೊಳ್ಳಿ. ಗುಂಡಿಗೂ ಹರಳಿಗೂ ಅಳತೆ ಸರಿಯಿದ್ದರೆ ಕೂರುತ್ತೆ, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನ ‘ಸೆಟ್ ಆಗಲ್ಲ’ ತಪ್ಪು ಇಂಗ್ಲಿಷ್ ಇರಬಹುದು, ಪದದ ಮೂಲಕ್ಕೆ ಮಾತ್ರ ಅದು ತೀರಾ ಹತ್ತಿರ. ‘ಹುಡುಗ ಸೆಟ್ಲ್ ಆಗಿದಾನಾ?’ ಅಂತ ಸಂಬಂಧ ನೋಡಲು ಬಂದವರು ಕೇಳುವ ಸೆಟ್ಲ್ ಕೂಡ ಇದೇ ವಂಶದ್ದು. ಮೇಲೆ ಹೇಳಿದ ಸೂರ್ಯನ ಪೀಠ, ‘ಸೆಟ್ಲ್’, ಅದರಿಂದ ಹುಟ್ಟಿದ್ದು.

ಈ ವಂಶ ಇನ್ನೂ ಹಿಂದಕ್ಕೆ ಹೋಗುತ್ತೆ. ‘ಸಿಟ್’, ‘ಸೆಟ್’, ಬಸ್ಸಿನ ‘ಸೀಟು’, ಲ್ಯಾಟಿನ್ ಕಡೆಯಿಂದ ಬಂದ ‘ಸೆಷನ್ಸ್’ ಕೋರ್ಟು, ‘ಪ್ರೆಸಿಡೆಂಟ್’, ಎಲ್ಲಕ್ಕೂ ಕೂರು ಎಂಬ ಅರ್ಥದ ಒಂದೇ ಪುರಾತನ ಬೇರು. ಸಂಸ್ಕೃತದಲ್ಲಿ ಆ ಬೇರು ‘ಸದ್’. ಸದನ, ಸಂಸತ್ತು, ಉಪನಿಷತ್ತು ಅದರವು. ಸುತ್ತ ಕೂತವರ ಸಭೆ ಆದ್ದರಿಂದ ಪರಿಷತ್ತು. ಇನ್ನು ಆ ದೋಸೆಯ ಸೆಟ್, ಹಿಂಬಾಲಿಸುವವರ ಸೆಟ್? ಲ್ಯಾಟಿನ್ನಿನ ಆ ಬೇರಿಗೆ ಸಂಸ್ಕೃತದ ಜೋಡಿ ‘ಸಚ್’, ಜೊತೆಗಿರು, ಹಿಂದೆ ಇರು ಅಂತ. ರಾಜನ ಜೊತೆಗಿರುವವನು ಸಚಿವ. ಹಾಗಾಗಿ ಪೇಪರಿನಲ್ಲಿ ‘ವಿಧಾನ ಪರಿಷತ್ತಿನಲ್ಲಿ ಸಚಿವರು ಉತ್ತರಿಸಿದರು’ ಎಂಬ ಸಾಲು ಕಂಡರೆ ನನಗೆ ಒಳಗೊಳಗೇ ಖುಷಿ. ಎರಡೂ ಸೆಟ್‌ಗಳ ದೂರದ ನೆಂಟರು ಅಕ್ಕಪಕ್ಕ ಕೂತಿದ್ದಾರೆ.

ಇಷ್ಟು ಹೇಳಿದ ಮೇಲೆ ನಮ್ಮ ಹುಡುಗ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತ. ಆಮೇಲೆ, “ಹಾಗಾದ್ರೆ ಆಸನ, ಯೋಗಾಸನ ಎಲ್ಲ ಇದೇ ತಾನೇ ಮಾಮ? ಕೂರೋದೇ ಅಲ್ವಾ?” ಅಂದ.

ಅಲ್ಲ. ಅದರ ಬೇರು ‘ಆಸ್’. ಅದಕ್ಕೂ ಕೂರು ಅಂತಲೇ ಅರ್ಥ, ಆದರೆ ಆ ಮನೆತನವೇ ಬೇರೆ.